ತಾಲೀಮು: ಅಖಾಡದಿಂದ ಬೆಳ್ಳಿತೆರೆಗೆ



ಹುಬ್ಬಳ್ಳಿ-ಧಾರವಾಡ ರಸ್ತೆಯ ಮಗ್ಗುಲಲ್ಲಿರುವ ಲಕಮನಹಳ್ಳಿ ಇಂದು ಕೈಗಾರಿಕಾ ಪ್ರದೇಶವೆಂದೇ ಹೆಚ್ಚು ಪರಿಚಿತವಾಗಿದೆ. ಆ ಊರಿನಲ್ಲಾಗಲಿ, ಧಾರವಾಡದ ಸುತ್ತಲಿನ ಬೇರೆ ಯಾವ ಊರಿನಲ್ಲಾಗಲಿ, ಹಿರಿಯರೊಬ್ಬರನ್ನು 'ತಾಲೀಮು ಎಂದರೇನು?' ಎಂದು ಕೇಳಿ ನೋಡಿ. ನಿಮಗೆ ಎರಡು ಉತ್ತರಗಳು ಸಿಗಬಹುದು. ಪೈಲ್ವಾನರು ದಂಡ-ಬಸ್ಕಿ ಹೊಡೆದು, ಮಣ್ಣಿನಲ್ಲಿ ಹೊರಳಿ ಮೈ ಕಟ್ಟುವುದು ತಾಲೀಮು ಎಂದು ಒಬ್ಬರು ಹೇಳುತ್ತಾರೆ. ಜಾತ್ರೆಯ ನಾಟಕಕ್ಕೆ ಮುಂಚೆ ತಿಂಗಳುಗಟ್ಟಲೆ ರಾತ್ರಿ ಕುಳಿತು ಮಾತು, ಹಾಡು, ಹೆಜ್ಜೆ ಕಲಿಯುವುದು ತಾಲೀಮು ಎಂದು ಇನ್ನೊಬ್ಬರು ಹೇಳುತ್ತಾರೆ. ಎರಡೂ ಉತ್ತರಗಳು ಸರಿಯೇ. ನಮ್ಮ ಕಡೆಯ ಮಾತಿನಲ್ಲಿ ಕುಸ್ತಿಗೂ ನಾಟಕಕ್ಕೂ ಒಂದೇ ತಾಲೀಮು.

ಈ ಎರಡು ತಾಲೀಮುಗಳ ನಡುವೆ ಓಡಾಡಿದ ಕೆಲವರ ಬದುಕನ್ನು ಈ ಲೇಖನದಲ್ಲಿ ನೋಡೋಣ. ಒಬ್ಬರು ನಮ್ಮ ಮೈಸೂರಿನವರು, ಒಬ್ಬರು ಪಂಜಾಬಿನವರು, ಮತ್ತೊಬ್ಬರು ಚೀನಾದವರು. ಮೂವರೂ ಮೊದಲು ಮೈಯ ವಿದ್ಯೆಯಲ್ಲಿ ಹೆಸರು ಮಾಡಿ, ಆಮೇಲೆ ನಟರಾದವರು. ತೆರೆಯ ಮೇಲಿನ ಹೊಡೆದಾಟವನ್ನು ನೋಡಿ ಚಪ್ಪಾಳೆ ತಟ್ಟದವರು, ಮನೆಗೆ ಬಂದು ಕನ್ನಡಿಯ ಮುಂದೆ ಒಂದು ಒದೆ ಹಾರಿಸಿ ನೋಡದವರು ನಿಮ್ಮಲ್ಲಿ ಕಡಿಮೆ. ಆದರೆ ಆ ಒದೆಯ ಹಿಂದೆ ಏನಿದೆ? ಒಬ್ಬ ಪಟುವಿಗೆ ನಟನಾಗಲು ಅವನ ಬಲವಷ್ಟೇ ಸಾಕೆ? ಬಲ ಕುಂದಿದ ಮೇಲೆ ಅವನಲ್ಲಿ ಏನು ಉಳಿಯುತ್ತದೆ?

ಮೈಸೂರಿನ ಪೈಲ್ವಾನ

ಮೊದಲು ನಮ್ಮ ಮನೆಯ ಉದಾಹರಣೆ. ಮೈಸೂರು ಗರಡಿಮನೆಗಳ ಊರು. ಕುಳ್ಳಗಿನ ಬಾಗಿಲು, ಒಳಗೆ ಅರೆಗತ್ತಲು, ಹದ ಮಾಡಿದ ಕೆಮ್ಮಣ್ಣು, ಗೋಡೆಯ ಮೇಲೆ ಆಂಜನೇಯನ ಪಟ, ಮೂಲೆಯಲ್ಲಿ ಗದೆ ಮತ್ತು ಕಲ್ಲುಗುಂಡು. ದಸರೆಯ ಕುಸ್ತಿ ಪಂದ್ಯಗಳು, ಅರಮನೆಯ ಅಂಗಳದಲ್ಲಿ ವಿಜಯದಶಮಿಯಂದು ನಡೆಯುವ ಜಟ್ಟಿಗಳ ವಜ್ರಮುಷ್ಟಿ ಕಾಳಗ ಈ ಪರಂಪರೆಗೆ ಸೇರಿದವು. ವಜ್ರಮುಷ್ಟಿಯಲ್ಲಿ ತಲೆ ಬೋಳಿಸಿಕೊಂಡ ಜಟ್ಟಿಗಳು ಕೈಗೆ ಮೊನೆಯುಳ್ಳ ಆಯುಧ ಧರಿಸಿ ಎದುರಾಗುತ್ತಾರೆ. ಒಬ್ಬನ ತಲೆಯಿಂದ ರಕ್ತ ಚಿಮ್ಮಿದೊಡನೆ ಕಾಳಗ ನಿಲ್ಲುತ್ತದೆ.

ಈ ಊರಿನಲ್ಲಿ 1935ರಲ್ಲಿ ಹುಟ್ಟಿದ ಎಂ. ಪಿ. ಶಂಕರ್ ಕುಸ್ತಿಯ ಮಣ್ಣಿನಿಂದ ಚಿತ್ರರಂಗಕ್ಕೆ ಬಂದವರು. 1962ರ 'ರತ್ನಮಂಜರಿ' ಅವರ ಆರಂಭದ ಚಿತ್ರ. ಎತ್ತರದ ಆಳು, ಅಗಲವಾದ ಎದೆ, ಗಡಸು ದನಿ. ಇಂಥವರಿಗೆ ನಿರ್ದೇಶಕರು ಸಾಮಾನ್ಯವಾಗಿ ಕೊಡುವುದು ಕಾವಲುಗಾರನ ಅಥವಾ ರೌಡಿಯ ಪಾತ್ರ. ನಾಯಕನಿಂದ ಏಟು ತಿಂದು ಬೀಳುವ ಕೆಲಸ. ಆದರೆ 1965ರಲ್ಲಿ ಹುಣಸೂರು ಕೃಷ್ಣಮೂರ್ತಿಯವರ 'ಸತ್ಯ ಹರಿಶ್ಚಂದ್ರ'ದಲ್ಲಿ ಶಂಕರ್ ವೀರಬಾಹುವಾದರು. ರಾಜ್‌ಕುಮಾರ್ ಅವರ ಹರಿಶ್ಚಂದ್ರನನ್ನು ಕೊಂಡು, ಸುಡುಗಾಡು ಕಾಯಲು ಕಳಿಸುವ ಒಡೆಯನ ಪಾತ್ರವದು. ಅಲ್ಲಿ ಅವರ ದೊಡ್ಡ ಮೈ ಕೇವಲ ಬಲದ ಗುರುತಾಗಿ ಉಳಿಯಲಿಲ್ಲ. ನಗು, ದರ್ಪ, ಕುಣಿತ, ಜೊತೆಗೆ ಒಂದು ಬಗೆಯ ನ್ಯಾಯಬುದ್ಧಿ ಎಲ್ಲವೂ ಆ ಮೈಯಲ್ಲೇ ಕಾಣಿಸಿದವು. ಇಂದಿಗೂ ವೀರಬಾಹು ಎಂದರೆ ಕನ್ನಡಿಗರ ಕಣ್ಣ ಮುಂದೆ ಬರುವುದು ಅದೇ ಮುಖ.

ಇಲ್ಲಿ ಒಂದು ಅಂಶವನ್ನು ಗಮನಿಸಿ. ಕುಸ್ತಿ ಕಣದಲ್ಲಿ ಪೈಲ್ವಾನ ತನ್ನ ಮನಸ್ಸನ್ನು ಬಚ್ಚಿಡಬೇಕು. ಮುಂದಿನ ಪಟ್ಟು ಯಾವುದೆಂದು ಎದುರಾಳಿಗೆ ಮುಖದಲ್ಲಿ ಕಂಡರೆ ಸೋಲು ಖಂಡಿತ. ನಟನ ಕೆಲಸ ಇದಕ್ಕೆ ತದ್ವಿರುದ್ಧ. ಅವನು ಮನಸ್ಸನ್ನು ಮುಖದಲ್ಲಿ ತೋರಬೇಕು. ಪೈಲ್ವಾನ ನಟನಾಗಬೇಕಾದರೆ ಕಲಿತದ್ದರ ಜೊತೆಗೆ ಹೊಸದನ್ನು ಕಲಿಯಬೇಕು. ಕಲಿತದ್ದರಲ್ಲಿ ಸ್ವಲ್ಪವನ್ನು ಮರೆಯಲೂ ಬೇಕು.

ಬೀಜಿಂಗಿನ ಬಾಲಕ

ಈಗ ಚೀನಾದತ್ತ ಹೋಗೋಣ. 1963ರ ಏಪ್ರಿಲ್ 26ರಂದು ಬೀಜಿಂಗಿನಲ್ಲಿ ಲೀ ಲಿಯಾಂಜಿಯೆ ಎಂಬ ಹುಡುಗ ಹುಟ್ಟಿದ. ಐವರು ಮಕ್ಕಳಲ್ಲಿ ಕೊನೆಯವನು. ಎರಡು ವರ್ಷದವನಿದ್ದಾಗಲೇ ತಂದೆ ತೀರಿಕೊಂಡರು. ಎಂಟನೆಯ ವಯಸ್ಸಿನಲ್ಲಿ ಅವನು ನಗರದ ಶಿಚಾಹೈ ಕ್ರೀಡಾಶಾಲೆಯಲ್ಲಿ ವೂಶೂ ಕಲಿಯತೊಡಗಿದ. ಅಲ್ಲಿ ಅವನಿಗೆ ಸಿಕ್ಕ ಗುರು ವೂ ಬಿನ್. ನಮ್ಮ ಗರಡಿಯ ಭಾಷೆಯಲ್ಲಿ ಹೇಳುವುದಾದರೆ ವಸ್ತಾದರು.

1974ರಲ್ಲಿ, ಹನ್ನೊಂದು ವರ್ಷದವನಿದ್ದಾಗ, ಈ ಹುಡುಗ ಚೀನಾದ ತಂಡದ ಜೊತೆ ಅಮೆರಿಕಕ್ಕೆ ಹೋಗಿ ಅಧ್ಯಕ್ಷ ನಿಕ್ಸನ್ ಅವರ ಮುಂದೆ ವಿದ್ಯೆ ಪ್ರದರ್ಶಿಸಿದ. ನಂತರ 1975ರಿಂದ 1979ರವರೆಗೆ ವಯಸ್ಕರೊಡನೆ ಸ್ಪರ್ಧಿಸಿ, ಐದು ಬಾರಿ ಚೀನಾದ ಸಮಗ್ರ ರಾಷ್ಟ್ರೀಯ ಚಾಂಪಿಯನ್ ಆದ. ನಿಮ್ಮಲ್ಲಿ ಅನೇಕರು ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕೂಡುವ ವಯಸ್ಸು ಅದು. ಜಗತ್ತು ಅವರನ್ನು ಇಂದು ಜೆಟ್ ಲೀ ಎಂಬ ಹೆಸರಿನಿಂದ ಗುರುತಿಸುತ್ತದೆ.

ಚಾಂಪಿಯನ್ ಎಂದ ಕೂಡಲೇ ಅವರು ಐದು ವರ್ಷ ಚೀನಾದ ಎಲ್ಲ ಜಟ್ಟಿಗಳನ್ನೂ ಹೊಡೆದು ಕೆಡವಿದರೆಂದು ತಿಳಿಯಬೇಡಿ. ಇಲ್ಲಿಯೇ ಹೆಚ್ಚಿನವರು ತಪ್ಪು ತಿಳಿಯುವುದು.

ವೂಶೂವಿನ ಎರಡು ಮುಖ

ವೂಶೂ ಎಂಬುದು ಚೀನಾದ ಯುದ್ಧಕಲೆಗಳಿಗೆಲ್ಲ ಸೇರಿ ಇರುವ ಹೆಸರು. ಸ್ಪರ್ಧೆಯ ಕ್ರೀಡೆಯಾಗಿ ಅದಕ್ಕೆ ಎರಡು ವಿಭಾಗಗಳಿವೆ. ಒಂದರ ಹೆಸರು ಸಾಂಡಾ. ಇದರಲ್ಲಿ ಇಬ್ಬರು ಎದುರುಬದುರು ನಿಂತು ಗುದ್ದು, ಒದೆ, ಕೆಡವುವ ಪಟ್ಟುಗಳಿಂದ ಸೆಣಸುತ್ತಾರೆ. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಮಣಿಪುರದ ರೋಶಿಬಿನಾ ದೇವಿ ಭಾರತಕ್ಕೆ ಬೆಳ್ಳಿ ಪದಕ ತಂದದ್ದು ಈ ವಿಭಾಗದಲ್ಲಿ.

ಇನ್ನೊಂದರ ಹೆಸರು ತಾವೊಲು. ಇದರಲ್ಲಿ ಪಟು ಬರಿಗೈಯಲ್ಲಿ ಅಥವಾ ಕತ್ತಿ, ಈಟಿ, ಕೋಲು ಹಿಡಿದು ಗೊತ್ತುಪಡಿಸಿದ ಚಲನೆಗಳ ಸರಣಿಯನ್ನು ಮಾಡಿ ತೋರಿಸುತ್ತಾನೆ. ಎದುರಾಳಿ ಇದ್ದರೂ ಅವನ ಏಟು, ಇವನ ತಡೆ ಎಲ್ಲವೂ ಮೊದಲೇ ಗೊತ್ತಾದದ್ದು. ಹಾರಿದ ಎತ್ತರ, ಇಳಿದ ನಿಲುವು, ವೇಗ, ಸಮತೋಲ ಇವುಗಳನ್ನು ನೋಡಿ ತೀರ್ಪುಗಾರರು ಅಂಕ ಕೊಡುತ್ತಾರೆ. ಜೆಟ್ ಲೀ ಚಾಂಪಿಯನ್ ಆದದ್ದು ಈ ತಾವೊಲುವಿನಲ್ಲಿ.

ಅಂದಮೇಲೆ ಅವರ ವಿದ್ಯೆ ಕಡಿಮೆಯದೆ? ಹಾಗಲ್ಲ. ಅದು ಬೇರೆ ವಿದ್ಯೆ. ಕುಸ್ತಿಯ ಪೈಲ್ವಾನನಿಗೆ ನೋಡುವವರ ಚಿಂತೆಯಿಲ್ಲ. ಎದುರಾಳಿ ಚಿತ್ ಆದರೆ ಸಾಕು. ತಾವೊಲು ಪಟುವಿಗೆ ನೋಡುವವರೇ ಮುಖ್ಯ. ಪ್ರತಿ ಚಲನೆಯೂ ದೂರದಿಂದ ಸ್ಪಷ್ಟವಾಗಿ ಕಾಣಬೇಕು, ಅದಕ್ಕೊಂದು ಆರಂಭ ಮತ್ತು ಮುಕ್ತಾಯ ಇರಬೇಕು. ನಮ್ಮ ದೊಡ್ಡಾಟವನ್ನು ನೆನಪಿಸಿಕೊಳ್ಳಿ. ದೊಡ್ಡಾಟದ ವೀರ ರಂಗದ ಮೇಲೆ ಕಾಳಗದ ಕುಣಿತ ಕುಣಿಯುವಾಗ ಯಾರನ್ನೂ ಕೊಲ್ಲುವುದಿಲ್ಲ; ಆದರೆ ಕೊನೆಯ ಸಾಲಿನಲ್ಲಿ ಕುಳಿತವನಿಗೂ ಕಾಳಗ ಕಾಣಿಸುತ್ತದೆ. ತಾವೊಲು ಪಟುವಿನ ವಿದ್ಯೆ ಅಖಾಡಕ್ಕೂ ರಂಗಕ್ಕೂ ನಡುವೆ ನಿಂತಿದೆ. ಆದ್ದರಿಂದ ಜೆಟ್ ಲೀ ಅವರಿಗೆ ಚಲನಚಿತ್ರದ ದಾರಿ ಕುಸ್ತಿ ಪೈಲ್ವಾನರಿಗಿಂತ ಹತ್ತಿರದ್ದಾಯಿತು. ಹಾಂಗ್‌ಕಾಂಗ್‌ನ ಇನ್ನೊಬ್ಬ ಪ್ರಸಿದ್ಧ ನಟ ಜಾಕಿ ಚಾನ್ ಅವರಂತೂ ನೇರವಾಗಿ ಚೀನೀ ಗೀತನಾಟಕದ ಶಾಲೆಯಲ್ಲೇ ಬೆಳೆದವರು. ಅಲ್ಲಿ ಹಾಡು, ಅಭಿನಯ, ಲಾಗ, ಕತ್ತಿವರಸೆ ಎಲ್ಲಕ್ಕೂ ಒಂದೇ ತಾಲೀಮು.

ಶಾವೊಲಿನ್ ದೇಗುಲ

1982ರಲ್ಲಿ 'ಶಾವೊಲಿನ್ ಟೆಂಪಲ್' ಎಂಬ ಚಿತ್ರ ತೆರೆಕಂಡಿತು. ಹಾಂಗ್‌ಕಾಂಗ್‌ನ ನಿರ್ದೇಶಕರು, ಚೀನಾದ ನೆಲದಲ್ಲಿ ಚಿತ್ರೀಕರಣ. ಮುಖ್ಯ ಪಾತ್ರಧಾರಿಗಳಲ್ಲಿ ಹಲವರು ವೃತ್ತಿನಟರಲ್ಲ, ವೂಶೂ ಪಟುಗಳು. ನಾಯಕ ಜೆಟ್ ಲೀ. ಚಿತ್ರ ಚೀನಾದಲ್ಲಿ ಅಪಾರ ಜನಪ್ರಿಯವಾಯಿತು. ಹೆನಾನ್ ಪ್ರಾಂತ್ಯದ ಶಾವೊಲಿನ್ ದೇಗುಲ 1928ರ ಅಂತರ್ಯುದ್ಧದ ಕಾಲದಲ್ಲಿ ಬೆಂಕಿಗೆ ಸಿಕ್ಕು ಹಾಳಾಗಿದ್ದ ಸ್ಥಳ. ಚಿತ್ರ ಬಂದ ಮೇಲೆ ಅಲ್ಲಿಗೆ ಪ್ರವಾಸಿಗರ ಸಾಲು ಹತ್ತಿತು. ಸಮೀಪದ ಡೆಂಗ್‌ಫೆಂಗ್ ಪಟ್ಟಣದಲ್ಲಿ ಯುದ್ಧಕಲೆಯ ಶಾಲೆಗಳು ಒಂದರ ಹಿಂದೊಂದು ತಲೆಯೆತ್ತಿದವು. ಒಂದು ಚಲನಚಿತ್ರದಿಂದ ಒಂದು ಊರಿನ ಬದುಕೇ ಬದಲಾದದ್ದಕ್ಕೆ ಇದು ಉದಾಹರಣೆ.

ಮುಂದೆ 1991ರಲ್ಲಿ ತ್ಸುಯಿ ಹಾರ್ಕ್ ನಿರ್ದೇಶನದ 'ಒನ್ಸ್ ಅಪಾನ್ ಎ ಟೈಮ್ ಇನ್ ಚೀನಾ' ಚಿತ್ರದಲ್ಲಿ ಜೆಟ್ ಲೀ ವಾಂಗ್ ಫೇಹುಂಗ್ ಎಂಬ ಐತಿಹಾಸಿಕ ವ್ಯಕ್ತಿಯ ಪಾತ್ರ ವಹಿಸಿದರು. ವಾಂಗ್ ವೈದ್ಯನೂ ಹೌದು, ಯುದ್ಧಕಲೆಯ ಗುರುವೂ ಹೌದು. ಇಲ್ಲಿ ಜೆಟ್ ಲೀ ಹೆಚ್ಚಿನ ಹೊತ್ತು ನೆಟ್ಟಗೆ ನಿಂತು, ಕಡಿಮೆ ಮಾತಾಡಿ, ತನ್ನ ದೇಶ ಪರಕೀಯರ ಕೈಗೆ ಸಿಗುತ್ತಿರುವುದನ್ನು ನೋಡುವ ಮನುಷ್ಯನಾಗಿ ಕಾಣುತ್ತಾರೆ. ಹೊಡೆದಾಟ ಬಂದಾಗ ಅದಕ್ಕೆ ತೂಕ ಬರುವುದು ಈ ಮೌನದಿಂದಲೇ.

1998ರಲ್ಲಿ ಹಾಲಿವುಡ್‌ನ 'ಲೀಥಲ್ ವೆಪನ್ 4' ಚಿತ್ರಕ್ಕೆ ಕರೆ ಬಂತು. ಆದರೆ ಖಳನ ಪಾತ್ರಕ್ಕೆ. ತಮ್ಮ ನಾಡಿನಲ್ಲಿ ನಾಯಕರಾಗಿದ್ದವರು ಪರದೇಶದಲ್ಲಿ ಬಾಗಿಲು ತೆರೆಯಲು ಖಳನಾಗಬೇಕಾಯಿತು. 2000ದ 'ರೋಮಿಯೋ ಮಸ್ಟ್ ಡೈ'ನಲ್ಲಿ ಅಲ್ಲಿಯೂ ನಾಯಕರಾದರು. 2002ರಲ್ಲಿ ಝಾಂಗ್ ಯಿಮೋ ಅವರ 'ಹೀರೋ' ಬಂತು. ಅದರಲ್ಲಿ ಮಳೆಹನಿಗಳ ನಡುವೆ ಜೆಟ್ ಲೀ ಅವರೊಡನೆ ಸೆಣಸುವ ಡೋನಿ ಯೆನ್ ಕೂಡ ಹಿಂದೆ ವೂ ಬಿನ್ ಅವರ ಬಳಿ ಕಲಿತವರೇ. ಒಂದೇ ಗರಡಿಯ ಇಬ್ಬರು ತೆರೆಯ ಮೇಲೆ ಎದುರಾಳಿಗಳಾದರು.

ತೆರೆಯ ಮೇಲಿನ ಏಟು

ಹಾಗಾದರೆ ತೆರೆಯ ಮೇಲೆ ಏಟು ಹೇಗೆ ಬೀಳುತ್ತದೆ? ಸರಳ ಉತ್ತರವೆಂದರೆ, ಬಹುಪಾಲು ಬೀಳುವುದಿಲ್ಲ.

ಮೊದಲನೆಯದು ಕೋನದ ಉಪಾಯ. ಮುಷ್ಟಿ ಎದುರಾಳಿಯ ಕೆನ್ನೆಯಿಂದ ಗೇಣುದೂರದಲ್ಲಿ ಹಾದುಹೋಗುತ್ತದೆ. ಕ್ಯಾಮೆರಾ ಸರಿಯಾದ ಕಡೆಯಿಂದ ನೋಡಿದರೆ ನಡುವಿನ ಅಂತರ ಕಾಣುವುದಿಲ್ಲ, ಏಕೆಂದರೆ ಚಪ್ಪಟೆ ತೆರೆಗೆ ಆಳವಿಲ್ಲ. ಎರಡನೆಯದು ಪ್ರತಿಕ್ರಿಯೆ. ಏಟು ತಿಂದವನು ಅದೇ ಕ್ಷಣಕ್ಕೆ ತಲೆ ತಿರುಗಿಸಿ ಬೀಳಬೇಕು; ಒಂದಿಷ್ಟು ತಡವಾದರೂ ಸುಳ್ಳು ಬಯಲಾಗುತ್ತದೆ. ಮೂರನೆಯದು ಶಬ್ದ. ಅದನ್ನು ಆಮೇಲೆ ಸೇರಿಸುತ್ತಾರೆ. ನಾಲ್ಕನೆಯದು ವೇಗ. ಚಿತ್ರ ಸಾಮಾನ್ಯವಾಗಿ ಸೆಕೆಂಡಿಗೆ 24 ಚೌಕಟ್ಟುಗಳಂತೆ ಓಡುತ್ತದೆ. ಸೆಕೆಂಡಿಗೆ 20 ಚೌಕಟ್ಟುಗಳಂತೆ ತೆಗೆದು 24ರಂತೆ ತೋರಿಸಿದರೆ ಚಲನೆ ಚುರುಕಾಗಿ ಕಾಣುತ್ತದೆ. ಐದನೆಯದು ತಂತಿ. ನಟನ ಬಟ್ಟೆಯೊಳಗೆ ಪಟ್ಟಿ ಬಿಗಿದು, ಸಣ್ಣ ಉಕ್ಕಿನ ತಂತಿಯಿಂದ ಮೇಲಕ್ಕೆ ಎಳೆಯುತ್ತಾರೆ. ಗಾಳಿಯಲ್ಲಿ ಹಾರುವ ವೀರರ ರಹಸ್ಯ ಇದೇ.

ಇಷ್ಟೆಲ್ಲ ಉಪಾಯಗಳಿದ್ದ ಮೇಲೆ ಚಾಂಪಿಯನ್ ಯಾಕೆ ಬೇಕು ಎಂದು ನೀವು ಕೇಳಬಹುದು. ಸಹಜವಾದ ಪ್ರಶ್ನೆ. ವಿದ್ಯೆ ಬಾರದವನ ಹೊಡೆದಾಟವನ್ನು ಸಣ್ಣ ಸಣ್ಣ ತುಣುಕುಗಳಾಗಿ ಕತ್ತರಿಸಿ ಜೋಡಿಸಬೇಕಾಗುತ್ತದೆ. ಮುಖ ಒಬ್ಬನದು, ಕಾಲು ಇನ್ನೊಬ್ಬನದು. ವಿದ್ಯೆ ಬಲ್ಲವನಾದರೆ ಕ್ಯಾಮೆರಾ ದೂರ ನಿಂತು ಹತ್ತು ಚಲನೆಗಳನ್ನು ಒಂದೇ ಉಸಿರಿಗೆ ನೋಡಬಹುದು. ಇನ್ನೂ ಮುಖ್ಯವಾದದ್ದು, ಗುರಿಯಿಂದ ಗೇಣುದೂರದಲ್ಲಿ ಮುಷ್ಟಿಯನ್ನು ಪ್ರತಿ ಸಲವೂ ನಿಲ್ಲಿಸಬಲ್ಲವನು ಚೆನ್ನಾಗಿ ಹೊಡೆಯಲು ಬಲ್ಲವನೇ. ಹೊಡೆಯಲು ಬಾರದವನಿಗೆ ತಪ್ಪಿಸಲೂ ಬಾರದು.

'ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ' ಎಂಬ ಗಾದೆ ನಿಮಗೆ ಗೊತ್ತು. ಕುಸ್ತಿಯಲ್ಲಿ ಬೀಳುವುದೆಂದರೆ ಮಾನ ಹೋದಂತೆ. ಚಲನಚಿತ್ರದಲ್ಲಿ ಬೀಳುವುದೇ ಒಂದು ವಿದ್ಯೆ. ನಾಯಕನ ಒದೆಗೆ ಮೇಜಿನ ಮೇಲೆ ಹಾರಿ ಬೀಳುವ ಸಾಹಸ ಕಲಾವಿದ ಇಲ್ಲದಿದ್ದರೆ ಆ ಒದೆಗೆ ಬೆಲೆಯೇ ಇಲ್ಲ. ಅವನ ಹೆಸರು ನಮಗೆ ತಿಳಿಯುವುದಿಲ್ಲ, ಪೆಟ್ಟು ಮಾತ್ರ ನಿಜವಾಗಿಯೂ ಆಗುತ್ತದೆ. ಮುಂದಿನ ಸಲ ಚಪ್ಪಾಳೆ ತಟ್ಟುವಾಗ ಅವನನ್ನೂ ನೆನೆಯಿರಿ.

ಮೈ ದಣಿದ ಮೇಲೆ

ಮೈಯನ್ನು ನಂಬಿದ ವೃತ್ತಿಗೆ ಒಂದು ಮಿತಿಯಿದೆ. ಜೆಟ್ ಲೀ ಇಪ್ಪತ್ತರ ಆಸುಪಾಸಿನಲ್ಲೇ ಕಾಲಿಗೆ ಗಂಭೀರ ಪೆಟ್ಟು ಮಾಡಿಕೊಂಡರು. ಬಾಲ್ಯದಿಂದ ಸವೆದ ಕೀಲುಗಳು ಆಮೇಲೆ ಲೆಕ್ಕ ಕೇಳಿದವು. 2013ರಲ್ಲಿ ತಮಗೆ ಥೈರಾಯ್ಡ್ ಗ್ರಂಥಿಯ ಅತಿಸ್ರಾವದ ಕಾಯಿಲೆ ಇರುವುದನ್ನು ಅವರೇ ತಿಳಿಸಿದರು. ಹಿಂದಿನ ಚಿತ್ರಗಳ ಮಿಂಚು ನೋಡಿದವರಿಗೆ ಅವರ ಸೊರಗಿದ ಭಾವಚಿತ್ರಗಳು ನಂಬಲಾಗದಂತಿದ್ದವು.

ಇಂಥ ದಿನ ಬಂದಾಗ ಏನು ಮಾಡಬೇಕು? ನಮ್ಮ ಮೂವರು ಮೂರು ಉತ್ತರ ಕೊಟ್ಟಿದ್ದಾರೆ.

ಪಂಜಾಬಿನ ದಾರಾ ಸಿಂಗ್ 1928ರಲ್ಲಿ ಹುಟ್ಟಿದವರು. ಭಾರತದ ಆಚೆಯೂ ಹೆಸರು ಮಾಡಿದ ಕುಸ್ತಿಪಟು. 1960ರ ದಶಕದಲ್ಲಿ ಹಿಂದಿ ಸಾಹಸ ಚಿತ್ರಗಳ ನಾಯಕ. ಆದರೆ ದೇಶದ ಮನೆಮನೆಗೂ ಅವರು ತಲುಪಿದ್ದು ಅರವತ್ತರ ಹತ್ತಿರ ಬಂದಾಗ. 1987-88ರಲ್ಲಿ ದೂರದರ್ಶನದ 'ರಾಮಾಯಣ' ಧಾರಾವಾಹಿಯಲ್ಲಿ ಅವರು ಹನುಮಂತನಾದರು. ಗರಡಿಯಲ್ಲಿ ಯಾವ ದೇವರಿಗೆ ಕೈಮುಗಿದು ಕುಸ್ತಿಗೆ ಇಳಿಯುವರೋ ಆ ದೇವರ ಪಾತ್ರವೇ ಪೈಲ್ವಾನನಿಗೆ ದೊರೆಯಿತು. ಆ ಹನುಮಂತನಲ್ಲಿ ಜನ ಮೆಚ್ಚಿದ್ದು ಭುಜಬಲಕ್ಕಿಂತ ಹೆಚ್ಚಾಗಿ ವಿನಯವನ್ನು. ಅವರು 2012ರಲ್ಲಿ ತೀರಿಕೊಂಡರು.

ನಮ್ಮ ಎಂ. ಪಿ. ಶಂಕರ್ ಎರಡು ಕೆಲಸ ಮಾಡಿದರು. ಒಂದು, ಬಲವೇ ಬೇಡದ ಪಾತ್ರವನ್ನು ಗೆದ್ದರು. ಗೊರೂರು ರಾಮಸ್ವಾಮಿ ಅಯ್ಯಂಗಾರರ ಕಥೆಯನ್ನು ಆಧರಿಸಿ ಸಿದ್ದಲಿಂಗಯ್ಯನವರು 1974ರಲ್ಲಿ ತೆರೆಗೆ ತಂದ 'ಭೂತಯ್ಯನ ಮಗ ಅಯ್ಯು' ಚಿತ್ರದಲ್ಲಿ ಭೂತಯ್ಯ ಅವರೇ. ಇಡೀ ಊರನ್ನು ಹಿಡಿತದಲ್ಲಿಟ್ಟುಕೊಂಡ ಈ ಸಾಹುಕಾರ ಯಾರೊಡನೆಯೂ ಕುಸ್ತಿ ಆಡಬೇಕಿಲ್ಲ. ಅವನ ನೋಟಕ್ಕೇ ಊರು ನಡುಗುತ್ತದೆ. ಎರಡನೆಯದು, ಅವರು ನಿರ್ಮಾಪಕರಾದರು, ಅದೂ ಕಾಡಿನ ಕಥೆಗಳಿಗೆ. 1969ರ 'ಕಾಡಿನ ರಹಸ್ಯ', 1973ರ 'ಗಂಧದ ಗುಡಿ', 1986ರ 'ಮೃಗಾಲಯ' ಅವರ ಆಸ್ಥೆಯನ್ನು ಹೇಳುತ್ತವೆ. ರಾಜ್‌ಕುಮಾರ್ ಅರಣ್ಯಾಧಿಕಾರಿಯಾಗಿ ನಟಿಸಿದ 'ಗಂಧದ ಗುಡಿ' ಕಾಡು ಉಳಿಸಬೇಕೆಂಬ ಮಾತನ್ನು ಕನ್ನಡದ ಮನೆಗಳಿಗೆ ಮುಟ್ಟಿಸಿತು. ಸುಮಾರು ಅರ್ಧ ಶತಮಾನದ ಬಳಿಕ, 2022ರಲ್ಲಿ, ಪುನೀತ್ ರಾಜ್‌ಕುಮಾರ್ ಅವರ ಕೊನೆಯ ಚಿತ್ರವಾಗಿ ನಮ್ಮ ಕಾಡು-ಕಡಲುಗಳ ಸಾಕ್ಷ್ಯಚಿತ್ರ ಬಂದಾಗ ಅದಕ್ಕೂ ಅದೇ ಹೆಸರು. 2008ರಲ್ಲಿ ತೀರಿಕೊಂಡ ಆ ಪೈಲ್ವಾನನ ಕುಸ್ತಿ ನೋಡಿದವರು ಇಂದು ವಿರಳ. ಅವರು ನಿರ್ಮಿಸಿದ ಚಿತ್ರದ ಹೆಸರು ಎಲ್ಲರ ಬಾಯಲ್ಲಿದೆ.

ಜೆಟ್ ಲೀ ಅವರ ಉತ್ತರ ಬೇರೆ. 2004ರ ಡಿಸೆಂಬರಿನಲ್ಲಿ ಸುನಾಮಿ ಅಪ್ಪಳಿಸಿದಾಗ ಅವರು ಮಾಲ್ಡೀವ್ಸ್‌ನಲ್ಲಿದ್ದರು. ಮಗಳನ್ನು ಕಾಪಾಡುವಾಗ ಕಾಲಿಗೆ ಗಾಯವಾಯಿತು. ಚಾಂಪಿಯನ್‌ನ ಬಲವೆಲ್ಲ ಒಂದು ಅಲೆಯ ಮುಂದೆ ಎಷ್ಟರದು ಎಂಬುದು ಅಂದು ತಿಳಿಯಿತು. 2007ರಲ್ಲಿ ಅವರು 'ಒನ್ ಫೌಂಡೇಶನ್' ಎಂಬ ಸೇವಾಸಂಸ್ಥೆ ಕಟ್ಟಿದರು. ವಿಪತ್ತಿಗೆ ಸಿಕ್ಕವರಿಗೆ ನೆರವಾಗಲು ಪ್ರತಿಯೊಬ್ಬರೂ ಚಿಕ್ಕ ಮೊತ್ತ ಕೊಟ್ಟರೂ ಸಾಕೆಂಬುದು ಅದರ ಆಶಯ. 2020ರ 'ಮುಲಾನ್' ಚಿತ್ರದಲ್ಲಿ ಅವರು ಚಕ್ರವರ್ತಿಯ ಪಾತ್ರದಲ್ಲಿ ಕಾಣಿಸಿಕೊಂಡರು.

ಚಲನೆ ಯಾರ ಸ್ವತ್ತು?

ಕೊನೆಗೆ ಒಂದು ಹೊಸ ಕಾಲದ ಪ್ರಶ್ನೆ. 2003ರಲ್ಲಿ ಬಂದ 'ಮೇಟ್ರಿಕ್ಸ್' ಮಾಲಿಕೆಯ ಚಿತ್ರಗಳಲ್ಲಿ ನಟಿಸಲು ಜೆಟ್ ಲೀ ಅವರಿಗೆ ಕರೆ ಬಂದಿತ್ತು. ಅವರು ಒಪ್ಪಲಿಲ್ಲ. ಕಾರಣವನ್ನು 2018ರಲ್ಲಿ ಹೇಳಿದರು. ತಮ್ಮ ಚಲನೆಗಳನ್ನೆಲ್ಲ ಕಂಪ್ಯೂಟರಿನಲ್ಲಿ ದಾಖಲಿಸಿಕೊಳ್ಳುವುದು, ಆ ದಾಖಲೆಯ ಹಕ್ಕು ನಿರ್ಮಾಪಕರಿಗೆ ಸೇರುವುದು ಅವರಿಗೆ ಸರಿಕಾಣಲಿಲ್ಲ. ತಾವು ಬದುಕಿಡೀ ಬೆವರು ಸುರಿಸಿ ಕಲಿತದ್ದು. ತಮಗೋ ವಯಸ್ಸಾಗುತ್ತ ಹೋಗುತ್ತದೆ, ಚಲನೆಗಳು ಮಾತ್ರ ಶಾಶ್ವತವಾಗಿ ಇನ್ನೊಬ್ಬರ ಆಸ್ತಿಯಾಗಿ ಉಳಿಯುತ್ತವೆ ಎಂಬುದು ಅವರ ಮಾತಿನ ಸಾರ.

ಇಂದು ಕಂಪ್ಯೂಟರ್ ಯಾವ ನಟನ ಮುಖವನ್ನಾಗಲಿ ದನಿಯನ್ನಾಗಲಿ ಅನುಕರಿಸಬಲ್ಲದು. ಆದ್ದರಿಂದ ಈ ಪ್ರಶ್ನೆ ಒಬ್ಬ ತಾರೆಯದಷ್ಟೇ ಅಲ್ಲ. ಒಬ್ಬ ಯಕ್ಷಗಾನ ಕಲಾವಿದನ ಕುಣಿತ, ಒಬ್ಬ ಜಟ್ಟಿಯ ಪಟ್ಟು, ಒಬ್ಬ ಹಾಡುಗಾರ್ತಿಯ ದನಿ ದಾಖಲಾದ ಮೇಲೆ ಯಾರದು? ಕಲಿತವರದೆ, ಕಲಿಸಿದ ಗುರುವಿನದೆ, ದಾಖಲಿಸಿದವರದೆ? ಕಾನೂನು ಓದುವ ವಿದ್ಯಾರ್ಥಿಗಳು ಇದನ್ನು ವಿಶೇಷವಾಗಿ ಯೋಚಿಸಬೇಕು.

ಮಿತ್ರರೇ, ತೆರೆಯ ಮೇಲಿನ ಒದೆಯನ್ನು ನೋಡಿ ಮನೆಯಲ್ಲಿ ಹಾರಬೇಡಿ. ಅದು ತಂತಿ, ಹಾಸಿಗೆ, ತರಬೇತಿ ಎಲ್ಲ ಇದ್ದು ಮಾಡಿದ್ದು. ಆಸೆಯಿದ್ದರೆ ಗುರುವನ್ನು ಹುಡುಕಿ. ಕುಸ್ತಿಯಾಗಲಿ, ಕರಾಟೆಯಾಗಲಿ, ದೊಡ್ಡಾಟವಾಗಲಿ, ಬೆಳಿಗ್ಗೆ ಬೇಗ ಎದ್ದು ಹೋಗಿ. ಜೊತೆಗೆ ಓದನ್ನೂ ಬಿಡಬೇಡಿ. ಪದಕ ಗೆಲ್ಲುವವರು ಕೆಲವರೇ, ತೆರೆಗೆ ಬರುವವರು ಇನ್ನೂ ಕಡಿಮೆ. ತಾಲೀಮು ಕಲಿಸುವ ಶಿಸ್ತು ಮತ್ತು ತಾಳ್ಮೆ ಮಾತ್ರ ಪದಕವಿಲ್ಲದಿದ್ದರೂ ನಿಮ್ಮ ಜೊತೆಗಿರುತ್ತವೆ.

ಚರ್ಚಿಸಿ ನೋಡಿ

1. ನಿಮ್ಮ ಊರಿನಲ್ಲಿ ಗರಡಿಮನೆ ಇದೆಯೆ? ಇದ್ದರೆ ಇಂದು ಅಲ್ಲಿ ಯಾರು ತಾಲೀಮು ಮಾಡುತ್ತಾರೆ? ಮುಚ್ಚಿದ್ದರೆ ಯಾವಾಗ, ಏಕೆ ಮುಚ್ಚಿತು? ಹಿರಿಯರನ್ನು ಕೇಳಿ ಬರೆದಿಡಿ.

2. 2019ರ 'ಪೈಲ್ವಾನ್' ಚಿತ್ರಕ್ಕಾಗಿ ನಟ ಸುದೀಪ್ ಕುಸ್ತಿಪಟುವಿನ ಮೈಕಟ್ಟು ಬೆಳೆಸಿಕೊಂಡರು. ಪಟು ನಟನಾಗುವುದಕ್ಕೂ ನಟ ಪಟುವಾಗಿ ಕಾಣುವುದಕ್ಕೂ ಏನು ವ್ಯತ್ಯಾಸ?

3. ಒಂದು ಹೊಡೆದಾಟದ ದೃಶ್ಯವನ್ನು ಎರಡು ಸಲ ನೋಡಿ. ಮೊದಲ ಸಲ ನಾಯಕನನ್ನು, ಎರಡನೆಯ ಸಲ ಬೀಳುವವರನ್ನು ಮಾತ್ರ. ನಿಮಗೆ ಹೊಸದಾಗಿ ಏನು ಕಂಡಿತು?